ಸಹಾಯ ಬೇಕು: ಪ್ರಭಾವ ಹೆಚ್ಚು, ಆಸಕ್ತಿ ಕಡಿಮೆ ಇರುವ ಸ್ಟೇಕ್‌ಹೋಲ್ಡರ್‌ಗಳು

ನಮಸ್ಕಾರ. ಹೊಸ ಸಾಫ್ಟ್‌ವೇರ್ ಅಳವಡಿಸುವ ಪ್ರಾಜೆಕ್ಟ್, ಇನ್ನೂ ಯೋಜನೆಯ ಹಂತ. ಸ್ಟೇಕ್‌ಹೋಲ್ಡರ್‌ಗಳ (ಪ್ರಾಜೆಕ್ಟ್‌ನಿಂದ ಪ್ರಭಾವಿತರಾಗುವವರು, ಅದರ ಮೇಲೆ ಪ್ರಭಾವ ಬೀರುವವರು) ರಿಜಿಸ್ಟರ್‌ನಲ್ಲಿ ಪ್ರತಿಯೊಬ್ಬರ ಪಾತ್ರ, ನಿರೀಕ್ಷೆ, ಈಗಿನ ನಿಲುವು, ಬೇಕಾದ ನಿಲುವು ಎಲ್ಲ ತುಂಬಿ, ಪ್ರಭಾವ, ಆಸಕ್ತಿ ಎರಡೂ ಹೆಚ್ಚೋ ಕಡಿಮೆಯೋ ಎಂದು ವಿಂಗಡಿಸುವ ಪಟ್ಟಿಯ ನಾಲ್ಕು ಮನೆಗಳಲ್ಲಿ ಎಲ್ಲರನ್ನೂ ಕೂರಿಸಿದ್ದಾಗಿದೆ. ತೊಡಕಿರುವುದು ಪ್ರಭಾವ ಹೆಚ್ಚು, ಆಸಕ್ತಿ ಕಡಿಮೆ ಇರುವ ಮಾಹಿತಿ ಭದ್ರತೆ ಮತ್ತು ಲೆಕ್ಕಪರಿಶೋಧನೆ ವಿಭಾಗದವರದ್ದು. ಈಗ ಮೀಟಿಂಗ್‌ಗೆ ಕರೆದರೆ ಬರುವುದಿಲ್ಲ. ಬಿಡುಗಡೆ ಹತ್ತಿರವಾದಾಗ ಆಕ್ಷೇಪ ಎತ್ತಿದರೆ ವಿನ್ಯಾಸವನ್ನೇ ಬದಲಿಸಬೇಕಾಗುತ್ತದೆ. ವಾರದ ವರದಿ ಕಳಿಸಿ ಉಪಯೋಗವಿಲ್ಲ (ಅದನ್ನು ಓದುವವರು ಯಾರು!). ಅವರ ಒಪ್ಪಿಗೆ ಬೇಕಾದ ತೀರ್ಮಾನಗಳನ್ನಷ್ಟೇ ಒಂದು ಪುಟದಲ್ಲಿ ಬರೆದು, ವಿನ್ಯಾಸ ಅಂತಿಮವಾಗುವ ಮೊದಲೇ ಸಹಿ ಪಡೆಯುವುದು ಸಾಕೇ? ಪ್ರತಿ ವಿಭಾಗದಿಂದ ಒಬ್ಬ ಪ್ರತಿನಿಧಿಯನ್ನು ಕೇಳಬಹುದು, ಆದರೆ ಒಪ್ಪಿಗೆ ಕೊಡುವ ಅಧಿಕಾರವಿಲ್ಲದವರು ಬಂದರೆ ವ್ಯರ್ಥ. ಈ ಎರಡನ್ನೂ ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಹಾಗೆಯೇ, ರಿಜಿಸ್ಟರ್‌ನಲ್ಲಿ ಕೆಲವರ ಈಗಿನ ನಿಲುವನ್ನು ‘ವಿರೋಧಿ’ ಎಂದು ಗುರುತಿಸಿದ ಕಾಲಂ ಅನ್ನು ತಂಡದ ಎಲ್ಲರಿಗೂ ಕಾಣುವಂತೆ ಇಡುತ್ತೀರಾ, ಇಲ್ಲವಾ?