ಹುಡುಗನೂ ‘ಮೈನೆರೆಯುತ್ತಾನೆ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕನ್ನಡದ ಮನೆಗಳಿಗೆಂದು ನಾಲ್ಕು ಪುಟದ ಒಂದು ಆರೋಗ್ಯ ಪುಸ್ತಿಕೆಯನ್ನು ಮರಾಠಿಯಿಂದ ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಕಿಸ್‌ಪೆಪ್ಟಿನ್ ಎಂಬ ಹಾರ್ಮೋನು. ಮೊದಲ ಕರಡು ಮಾಡಿದ ಗೆಳತಿ ಹುರುಪಿನಲ್ಲಿ ‘ಚುಂಬನ ಚೋದಕ’ ಎಂದು ಬರೆದುಬಿಟ್ಟಿದ್ದಳು. ನಮ್ಮತ್ತೆ ಕನ್ನಡಕ ಏರಿಸಿ ಒಂದು ಸಾಲು ಓದಿದವರೇ “ಇದೆಂಥ ಮುತ್ತಿನ ಕತೆ ಮಾರಾಯ್ತಿ!” ಎಂದು ಕಾಗದ ಮಡಚಿಟ್ಟರು. ಹಾರ್ಮೋನಿನ ಕೆಲಸ ನೋಡಿ ಇಟ್ಟ ಹೆಸರಲ್ಲ ಅದು. 1996ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಊರಿನಲ್ಲಿ, ಕ್ಯಾನ್ಸರ್ ಹರಡುವುದನ್ನು ತಡೆಯುವ ಒಂದು ಜೀನ್ ಪತ್ತೆಯಾಯಿತು. ಆ ಊರಿನ ಪ್ರಸಿದ್ಧ ಚಾಕೊಲೇಟು ‘ಕಿಸಸ್’. ಅದರ ಹೆಸರನ್ನೇ ಜೀನಿಗೂ ಇಟ್ಟರು. ಆ ಜೀನಿನಿಂದ ತಯಾರಾಗುವುದೇ ಈ ಹಾರ್ಮೋನು. ಚಾಕೊಲೇಟನ್ನು ಯಾರು ಅನುವಾದ ಮಾಡುತ್ತಾರೆ? ಕಿಸ್‌ಪೆಪ್ಟಿನ್ ಹಾಗೇ ಉಳಿಯಿತು. ಮರಾಠಿಯ ‘ಸಂಪ್ರೇರಕ’ವೂ ಬೇಡವೆಂದು ‘ಹಾರ್ಮೋನು’ ಎಂದೇ ಹಾಕಿದ್ದೇನೆ.

ತೊಡಕು ಬಂದದ್ದು ಅದು ಮಾಡುವ ಕೆಲಸವನ್ನು ಹೇಳುವಾಗ. ಮಿದುಳಿನ ಬುಡದ ಹೈಪೊಥಲಾಮಸ್‌ನಲ್ಲಿ ಕಿಸ್‌ಪೆಪ್ಟಿನ್ ನರಕೋಶಗಳಿವೆ. ಅವು ಜಿಎನ್‌ಆರ್‌ಎಚ್ ಎಂಬ ಇನ್ನೊಂದು ಹಾರ್ಮೋನನ್ನು ಬಿಡುವ ನರಕೋಶಗಳನ್ನು ಎಬ್ಬಿಸುತ್ತವೆ. ಜಿಎನ್‌ಆರ್‌ಎಚ್ ಹೋಗಿ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳನ್ನು ಬಿಡಿಸುತ್ತದೆ. ಆಮೇಲೆ ಅಂಡಾಶಯ ಅಥವಾ ವೃಷಣದ ಸರದಿ; ಅವು ಎಚ್ಚೆತ್ತಾಗ ಮಕ್ಕಳ ಮೈ ಬದಲಾಗತೊಡಗುತ್ತದೆ. ಈ ಜಿಎನ್‌ಆರ್‌ಎಚ್ ಬರುವುದು ಬಿಟ್ಟು ಬಿಟ್ಟು, ಗಂಟೆಗೋ ಒಂದೂವರೆ ಗಂಟೆಗೋ ಒಂದು ಸಲ. ಬಿಡುವಿಲ್ಲದೆ ಸುರಿದರೆ ಪಿಟ್ಯುಟರಿ ಓಗೊಡುವುದನ್ನೇ ನಿಲ್ಲಿಸುತ್ತದೆ. ಇದಕ್ಕೆ ‘ಮಿಡಿತ’ ಎಂದು ಬರೆದೆ. ‘ನಾಡಿ’ ಎಂದರೆ ಓದುವವರು ಮಣಿಕಟ್ಟು ಚಾಚಿಯಾರು.

2003ರಲ್ಲಿ ಗೊತ್ತಾದ ಸಂಗತಿ ಇನ್ನೊಂದಿದೆ. ಕಿಸ್‌ಪೆಪ್ಟಿನ್ ಹಿಡಿದುಕೊಳ್ಳುವ ಗ್ರಾಹಕದ (ರಿಸೆಪ್ಟರ್‌ನ) ಜೀನ್ ಕೆಟ್ಟಿದ್ದರೆ ಹುಡುಗಿಯಾಗಲಿ ಹುಡುಗನಾಗಲಿ... ಇಲ್ಲಿ ನನ್ನ ಪೆನ್ನು ನಿಂತಿತು. ಮರಾಠಿ ಪುಸ್ತಿಕೆಯಲ್ಲಿ ‘ವಯಾತ್ ಯೇಣೆ’ ಎಂದಿದೆ, ಇಬ್ಬರಿಗೂ ಸಲೀಸಾಗಿ ಸಲ್ಲುತ್ತದೆ. ನಮ್ಮಲ್ಲಿ ಹುಡುಗಿ ಮೈನೆರೆಯುತ್ತಾಳೆ, ದೊಡ್ಡವಳಾಗುತ್ತಾಳೆ, ಋತುಮತಿಯಾಗುತ್ತಾಳೆ. ಹುಡುಗನಿಗೆ? ದನಿ ಒಡೆಯುತ್ತದೆ, ಮೀಸೆ ಮೂಡುತ್ತದೆ, ಅಲ್ಲಿಗೆ ಮುಗಿಯಿತು. ‘ನೆರೆ’ ಎಂದರೆ ತುಂಬು, ಪೂರ್ಣವಾಗು; ಹೊಳೆಗೆ ಬರುವ ನೆರೆಯಲ್ಲೂ ಅದೇ ತುಂಬುವಿಕೆ. ಧಾತುವಿನಲ್ಲಿ ಹೆಣ್ಣು ಗಂಡು ಇಲ್ಲ. ಹಾಗಾಗಿ ‘ಹುಡುಗ ಹುಡುಗಿ ಇಬ್ಬರೂ ಮೈನೆರೆಯುವುದಿಲ್ಲ’ ಎಂದು ಬರೆದು ಅತ್ತೆಗೆ ಓದಿ ಹೇಳಿದೆ. ಅವರು ನಕ್ಕು ನಕ್ಕು, “ಗಂಡು ಮೈನೆರೆದರೆ ಆರತಿ ಎತ್ತುವುದು ಯಾರು?” ಅಂದರು.

‘ಪ್ರಾಯಕ್ಕೆ ಬರುವುದು’ ಮರಾಠಿಗೆ ಹತ್ತಿರ, ಕರಾವಳಿಯವರಾದ ನಮಗೆ ಬಾಯಿಗೂ ಹತ್ತಿರ. ಆದರೆ ‘ಪ್ರಾಯಕ್ಕೆ ಬಂದ ಮಗಳು’ ಎಂದರೆ ಮದುವೆಗೆ ಬಂದವಳು ಎಂದೇ ಕಿವಿಗೆ ಕೇಳುತ್ತದೆ. ಪುಸ್ತಿಕೆ ಹೇಳುತ್ತಿರುವುದು ಹತ್ತು ಹನ್ನೆರಡರ ಮಕ್ಕಳ ಮಾತು. ‘ಪ್ರೌಢಾವಸ್ಥೆ’ ಪಾಠದ ಪುಸ್ತಕದಂತಿದೆ, ಬೆಳೆದು ನಿಂತವರಿಗೂ ಅದನ್ನೇ ಹೇಳುತ್ತಾರೆ.

ಕೊನೆಯ ಪುಟದಲ್ಲೂ ಇದೇ ಪೇಚು. ಐವಿಎಫ್‌ನಲ್ಲಿ, ಅಂದರೆ ಅಂಡ ವೀರ್ಯಾಣುಗಳನ್ನು ಮೈಯ ಹೊರಗೆ ಕೂಡಿಸುವ ಚಿಕಿತ್ಸೆಯಲ್ಲಿ, ಅಂಡಗಳನ್ನು ಮಾಗಿಸಲು ಲಂಡನ್ನಿನಲ್ಲಿ ಕಿಸ್‌ಪೆಪ್ಟಿನ್ ಚುಚ್ಚುಮದ್ದು ಕೊಟ್ಟು ನೋಡಿದ್ದಾರೆ, ಮಕ್ಕಳೂ ಹುಟ್ಟಿವೆ. ಆ ಪುಟದ ತಲೆಬರಹ ‘ವಂಧ್ಯತ್ವ’. ನಮ್ಮ ‘ಬಂಜೆ’ ಅದೇ ‘ವಂಧ್ಯಾ’ದ ತದ್ಭವ, ಹೆಣ್ಣಿಗೇ ಅಂಟಿಕೊಂಡ ಪದ. ಪತ್ರಿಕೆಗಳು ‘ಪುರುಷ ಬಂಜೆತನ’ ಎನ್ನುತ್ತವೆ; ನನಗೆ ಅದು ‘ಗಂಡು ಬಾಣಂತಿ’ ಎಂದಂತೆ ಕೇಳುತ್ತದೆ. ಸದ್ಯಕ್ಕೆ ‘ಮಕ್ಕಳಾಗದ ತೊಂದರೆ’ ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೆ ಯಾರನ್ನೂ ಬೈದಂತಿಲ್ಲ.

ಧಾರವಾಡ, ಕಲಬುರಗಿ, ಮಂಡ್ಯದ ಕಡೆಯವರು ಹೇಳಿ: ನಿಮ್ಮ ಮನೆಗಳಲ್ಲಿ ಹುಡುಗನ ಈ ಹಂತಕ್ಕೆ ಆಡುವ ಮಾತೇನು? ಅದೇ ಮಾತು ಹುಡುಗಿಗೂ ಒಪ್ಪುತ್ತದೆಯೇ? ಕರಡು ಅಚ್ಚಿಗೆ ಹೋಗಲು ಇನ್ನೊಂದು ವಾರವಿದೆ.