ಹತ್ತು ವರ್ಷದೊಳಗಿನ ಮಕ್ಕಳಿಗೆ ಹೆಡಿಂಗ್ ಮಾಡಿಸಬಹುದೇ?

ಟಚ್‌ಲೈನ್: ಫುಟ್‌ಬಾಲ್ ಕೋಚಿಂಗ್‌ನಲ್ಲಿ ಚಿಕ್ಕ ಮಕ್ಕಳಿಗೂ ವಾರಕ್ಕೆ ಎರಡು ದಿನ ಹೆಡಿಂಗ್ (ಚೆಂಡನ್ನು ತಲೆಯಿಂದ ಹೊಡೆಯುವುದು) ಇರುತ್ತೆ. ಯಾರಿಗೂ ತಲೆ ಸುತ್ತಿ ಬಿದ್ದದ್ದಿಲ್ಲ. ಆದರೂ ಸಣ್ಣ ಪೆಟ್ಟುಗಳು ಸೇರುತ್ತಾ ಹೋಗುತ್ತವೆ ಅಂತಾರಲ್ಲ? ಹಾಗಾದರೆ ಸ್ಕಿಪ್ಪಿಂಗ್, ಸ್ಕೂಟರ್‌ನಲ್ಲಿ ಹಂಪ್ ಹಾರುವುದು, ಇವನ್ನೂ ಲೆಕ್ಕಕ್ಕೆ ಹಿಡಿಯಬೇಕಾ?

ನರತಂತು: ಸ್ಕಿಪ್ಪಿಂಗ್, ಹಂಪ್ ಮರೆತುಬಿಡಿ. 1994ರಲ್ಲಿ ದಿನನಿತ್ಯದ ಕುಲುಕಾಟ ಅಳೆದಾಗ ಸೀನಿಗೆ ಸುಮಾರು 3 ಜಿ, ಕುರ್ಚಿಯಲ್ಲಿ ದೊಪ್ಪನೆ ಕೂತರೆ 10 ಜಿ ಬಂದಿತ್ತು (ಜಿ ಅಂದರೆ ಗುರುತ್ವದ ಅಷ್ಟು ಪಟ್ಟು). ಹೆಡಿಂಗ್‌ನಲ್ಲೂ 10–20 ಜಿ ಮಾಮೂಲು. ಹಾಗಾಗಿ ಬರೀ ಜಿ ನೋಡಿದರೆ ಮೋಸ ಹೋಗುತ್ತೀರಿ. ಕೂತಾಗ ತಲೆ, ಕತ್ತು, ಮೈ ಒಟ್ಟಿಗೇ ಇಳಿಯುತ್ತವೆ. ಚೆಂಡು ಬಡಿದಾಗ ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ಹೊತ್ತಿನಲ್ಲಿ ತಲೆ ಕತ್ತಿನ ಮೇಲೆ ತಿರುಗುತ್ತೆ. ಬುರುಡೆ ಮೊದಲು, ಮಿದುಳು ಆಮೇಲೆ. ಆ ಎಳೆತ ಬೀಳುವುದು ನರತಂತುಗಳ ಮೇಲೆ. ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರರ 2019ರ ಅಧ್ಯಯನದಲ್ಲಿ ಡಿಮೆನ್ಷಿಯಾದಂಥ (ಮರೆವಿನ) ಕಾಯಿಲೆಗಳಿಂದ ಸಾವು ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚಿತ್ತು. ವರ್ಷಾನುಗಟ್ಟಲೆ ಆಡಿದವರ ಲೆಕ್ಕ ಅದು, ಮಕ್ಕಳಿಗೆ ನೇರವಾಗಿ ಅಂಟಿಸಬೇಡಿ.

ಹಳೇ ಬೂಟು: ಹತ್ತರೊಳಗೆ ಬೇಡವೇ ಬೇಡ. ಅಮೆರಿಕದ ಫೆಡರೇಶನ್ 2015ರಲ್ಲೇ ನಿಲ್ಲಿಸಿತು. ಇಂಗ್ಲೆಂಡ್ 2020ರಲ್ಲಿ ಪ್ರೈಮರಿ ಮಕ್ಕಳ ತರಬೇತಿಯಿಂದ ತೆಗೆಯಿತು. ಆಮೇಲೆ ಶುರು ಮಾಡುವಾಗಲೂ ಮೊದಲು ಬಲೂನ್, ನಂತರ ಸ್ಪಂಜ್ ಚೆಂಡು, ಕೊನೆಗೆ ನಂಬರ್ 4 ಅಳತೆಯ ಚಿಕ್ಕ ಚೆಂಡು. ಮೂರ್ನಾಲ್ಕು ಮೀಟರಿನಿಂದ ಕೈಯಲ್ಲಿ ಎಸೆಯಿರಿ, ಕಾರ್ನರ್ ಕಿಕ್ ಬೇಡ. ಚೆಂಡು ತಾಗಬೇಕಾದ್ದು ಹಣೆಗೆ, ಕೂದಲ ಅಂಚಿನ ಕೆಳಗೆ. ಕಣ್ಣು ತೆರೆದಿರಲಿ, ಬಾಯಿ ಮುಚ್ಚಿರಲಿ, ಕತ್ತು ಬಿಗಿಯಾಗಿರಲಿ. ಕಣ್ಣು ಮುಚ್ಚುವ ಮಗುವಿಗೆ ಚೆಂಡು ನೆತ್ತಿಗೋ ಕಪಾಳಕ್ಕೋ ಬೀಳುತ್ತೆ, ಕತ್ತು ಸಡಿಲವಾಗಿರುತ್ತೆ, ತಲೆ ಜಾಸ್ತಿ ತಿರುಗುತ್ತೆ.

ಇನ್ನೊಂದು, ಚೆಂಡಿನ ಗಾಳಿ. ನಿಯಮದಲ್ಲಿ 8.5ರಿಂದ 15.6 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ವರೆಗೆ ಇದೆ, ಕೆಳಗಿನ ತುದಿ ಧಾರಾಳ ಸಾಕು. ನಮ್ಮಲ್ಲಿ ಗೇಜ್ ಇಡುವವರೇ ಕಡಿಮೆ. ಹೆಬ್ಬೆರಳಲ್ಲಿ ಒತ್ತಿ ನೋಡಿ ಕಲ್ಲಿನ ಹಾಗೆ ತುಂಬುತ್ತಾರೆ. ದೊಡ್ಡವರ ನಂಬರ್ 5, 410–450 ಗ್ರಾಂ, ಚಿಕ್ಕವರಿಗೆ ಕೊಡಲೇಬೇಡಿ.

ಟಚ್‌ಲೈನ್: ತಲೆಗೆ ಕಟ್ಟುವ ಪ್ಯಾಡ್ ಪಟ್ಟಿ ಕೊಡಿಸಿದರೆ?

ನರತಂತು: ಚರ್ಮ ಹರಿಯುವುದು ತಪ್ಪೀತು, ಒಳಗೆ ಮಿದುಳು ತಿರುಗುವುದು ಅಷ್ಟಾಗಿ ತಪ್ಪಲ್ಲ. ಹೆಡಿಂಗ್‌ನಲ್ಲಿ ಕನ್ಕಶನ್ (ಪೆಟ್ಟಿನಿಂದ ಮಿದುಳಿನ ಕೆಲಸ ಏರುಪೇರಾಗುವುದು) ಆಗುವುದು ಬಹುಪಾಲು ತಲೆಗೆ ತಲೆ, ಮೊಣಕೈ ಬಡಿದು. ಇಬ್ಬರು ಒಂದೇ ಚೆಂಡಿಗೆ ಹಾರುವ ಡ್ರಿಲ್ ತೆಗೆದುಹಾಕಿಸಿ. ಪೆಟ್ಟಾದ ಮೇಲೆ ತಲೆನೋವು, ಮಂಕು, ವಾಂತಿ, ಇದರಲ್ಲಿ ಒಂದು ಕಂಡರೂ ಆ ದಿನ ಆಟ ಮುಗಿಯಿತು, ಡಾಕ್ಟರ ಹತ್ತಿರ ಕರೆದೊಯ್ಯಿರಿ. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು ಇದ್ದರೆ ನೇರ ಎಮರ್ಜೆನ್ಸಿಗೆ. ಸಿಟಿ ಸ್ಕ್ಯಾನ್ ನಾರ್ಮಲ್ ಬಂತು ಅಂತ ಮರುದಿನವೇ ಇಳಿಸಬೇಡಿ. ಕನ್ಕಶನ್ ಸಾಮಾನ್ಯವಾಗಿ ಅದರಲ್ಲಿ ಕಾಣುವುದೇ ಇಲ್ಲ.