ಸೆಕೆಂಡ್ ಹ್ಯಾಂಡ್ ಇನ್ನೋವಾ: ಹಳೇ 2.5 ಡೀಸೆಲ್ ಸಾಕಾ, ಕ್ರಿಸ್ಟಾ ತನಕ ಹೋಗಬೇಕಾ?

ಆರ್ಚ್_ಪಕ್ಕದ_ಮನೆ (ರಾಜರಾಜೇಶ್ವರಿನಗರ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಆರು ಜನ, ಇಬ್ಬರು ಎಪ್ಪತ್ತು ದಾಟಿದವರು. ವಾರವಿಡೀ ಜಯನಗರದವರೆಗೆ ಓಡಾಟ, ತಿಂಗಳಿಗೊಮ್ಮೆ ಹಾಸನ, ವರ್ಷಕ್ಕೆ ಎರಡು ಮೂರು ಸಲ ಶಿರಾಡಿ ಘಾಟಿ ಇಳಿದು ಧರ್ಮಸ್ಥಳ. ಎಲ್ಲಾ ಸೇರಿ ತಿಂಗಳಿಗೆ 1,200 ಕಿ.ಮೀ. ಎರಡು ಗಾಡಿ ನೋಡಿಟ್ಟಿದ್ದೇನೆ. ಒಂದು 2013ರ ಇನ್ನೋವಾ 2.5 ಡೀಸೆಲ್, ಮೀಟರಿನಲ್ಲಿ 1,68,000. ಇನ್ನೊಂದು 2017ರ ಕ್ರಿಸ್ಟಾ (ಇನ್ನೋವಾದ ಮುಂದಿನ ತಲೆಮಾರು) 2.4 ಮ್ಯಾನ್ಯುಯಲ್, 1,20,000 ಓಡಿದೆ, ರೇಟು ಐದು ಲಕ್ಷ ಜಾಸ್ತಿ.

ಕೇಳಿದವರೆಲ್ಲ "ಟೊಯೊಟಾ ತಾನೇ, ಕಣ್ಣು ಮುಚ್ಚಿ ತಗೊಳ್ಳಿ" ಅಂತಾರೆ. ಕಣ್ಣು ತೆರೆದು ನೋಡಬೇಕಾದ್ದು ಏನೇನು ಅಂತ ಗೊತ್ತಿರುವವರು ದಯವಿಟ್ಟು ಹೇಳಿ. ಆ ಐದು ಲಕ್ಷಕ್ಕೆ ನಿಜವಾಗಿ ಸಿಗುವುದೇನು?

---

ಸ್ಪ್ಯಾನರ್_14

ಮೊದಲು 2013ರ ಗಾಡಿ. ಅದರಲ್ಲಿರುವುದು 2ಕೆಡಿ-ಎಫ್‌ಟಿವಿ ಎಂಜಿನ್: 2494 ಸಿಸಿ, 102 ಪಿಎಸ್ ಶಕ್ತಿ, ಎಳೆತ 200 ಎನ್‌ಎಂ. ಎರಕದ ಕಬ್ಬಿಣದ ಬ್ಲಾಕು, ಆಯಿಲ್ ಸರಿಯಾಗಿ ಬದಲಾಯಿಸಿಕೊಂಡು ಬಂದರೆ 3 ಲಕ್ಷ ಕಿ.ಮೀ. ಅದಕ್ಕೆ ದೊಡ್ಡದಲ್ಲ. ಹಾಗಾಗಿ 1,68,000 ನೋಡಿ ಹೆದರಬೇಡಿ. ಹೆದರಬೇಕಾದ್ದು ಉಗುರಿನಷ್ಟಗಲದ ಒಂದು ತಾಮ್ರದ ವಾಷರಿಗೆ.

ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಪ್ರತಿ ಇಂಜೆಕ್ಟರಿನ ಕೆಳಗೆ, ಅದು ಹೆಡ್‌ನಲ್ಲಿ ಕೂರುವ ಜಾಗದಲ್ಲಿ, ಒಂದು ವಾಷರ್ ಇರುತ್ತದೆ. ವರ್ಷಗಳಾದ ಮೇಲೆ ಅದರ ಹಿಡಿತ ಹೋಗುತ್ತದೆ. ಸಿಲಿಂಡರಿನೊಳಗೆ ಉರಿದ ಗ್ಯಾಸು ಸಂದಿಯಿಂದ ಮೇಲೆ ನುಗ್ಗಿ ಟ್ಯಾಪೆಟ್ ಕವರಿನೊಳಗೆ ಸೇರುತ್ತದೆ. ಆ ಮಸಿ ಆಯಿಲಿಗೆ ಬೆರೆತು ಡಾಂಬರಿನ ಹಾಗೆ ಗಟ್ಟಿಯಾಗಿ, ಕೊನೆಗೆ ಸಂಪ್‌ನೊಳಗಿನ ಜಾಲರಿಗೆ, ಅಂದರೆ ಆಯಿಲ್ ಪಂಪು ಹೀರುವ ಸ್ಟ್ರೇನರಿಗೆ ಮೆತ್ತಿಕೊಳ್ಳುತ್ತದೆ. ಜಾಲರಿ ಕಟ್ಟಿದರೆ ಆಯಿಲ್ ಮೇಲೇರುವುದಿಲ್ಲ. ಆಮೇಲೆ ಬೇರಿಂಗು, ಕ್ರ್ಯಾಂಕು, ಟರ್ಬೊ ಒಂದರ ಹಿಂದೊಂದು. "ಇನ್ನೋವಾ ಎಂಜಿನ್ ಇದ್ದಕ್ಕಿದ್ದಂತೆ ಸೀಜ್ ಆಯ್ತು" ಅನ್ನುವ ಬಹಳಷ್ಟು ಕೇಸುಗಳ ಮೂಲ ಇಷ್ಟೇ.

ಗಾಡಿ ನೋಡಲು ಬೆಳಗ್ಗೆ ಹೋಗಿ. ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹಿಂದಿನ ದಿನವೇ ಹೇಳಿಡಿ. ಹೋದ ತಕ್ಷಣ ಬೋನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ಅವತ್ತು ನೋಡುವುದು ಬೇಡ, ಇನ್ನೊಂದು ದಿನ ಹೋಗಿ.

ತಣ್ಣಗಿದ್ದರೆ ಮೊದಲು ಡಿಪ್‌ಸ್ಟಿಕ್. ಆಯಿಲ್ ಕಪ್ಪಾಗಿರುವುದು ಡೀಸೆಲ್ ಗಾಡಿಯಲ್ಲಿ ಸಹಜ. ಆದರೆ ಮಟ್ಟ ಮೇಲಿನ ಗುರುತು ದಾಟಿದ್ದು ಡೀಸೆಲ್ ವಾಸನೆ ಬಂದರೆ, ಒಳಗೆಲ್ಲೋ ಡೀಸೆಲ್ ಆಯಿಲಿಗೆ ಇಳಿಯುತ್ತಿದೆ. ಕೂಲೆಂಟ್ ಡಬ್ಬಿಯಲ್ಲಿ ಗುಲಾಬಿ ಬಣ್ಣ ಇರಬೇಕು. ಕಂದು ಬಣ್ಣವಿದ್ದರೆ ಯಾರೋ ಬೋರ್‌ವೆಲ್ ನೀರು ತುಂಬಿದ್ದಾರೆ. ನಮ್ಮೂರಿನ ಗಡಸು ನೀರು ರೇಡಿಯೇಟರಿನೊಳಗೆ ಸುಣ್ಣ ಕಟ್ಟುವುದನ್ನು ಹೇಳಬೇಕಾಗಿಲ್ಲ.

ಈಗ ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿಸಿ. ಕೆಂಪು ಆಯಿಲ್ ದೀಪ ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ಅದಕ್ಕಿಂತ ತಡವಾದರೆ ಜಾಲರಿಯ ಮೇಲೆ ಅನುಮಾನ ಪಡಿ. ಇಂಜೆಕ್ಟರ್ ಬಳಿ ಕಿವಿಯಿಟ್ಟು ಕೇಳಿ: ವಾಷರ್ ಸೋರುತ್ತಿದ್ದರೆ "ಚಫ್ ಚಫ್" ಎಂದು ಗಾಳಿ ಉಗುಳುವ ಸದ್ದು ಎಂಜಿನ್ ಲಯಕ್ಕೆ ಸರಿಯಾಗಿ ಬರುತ್ತದೆ, ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ತಣ್ಣಗಿರುವಾಗಲೇ ನೋಡಬೇಕು ಎಂದದ್ದು ಇದಕ್ಕೇ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ. ಸ್ವಲ್ಪ ಹಬೆ ಬಂದರೆ ಪರವಾಗಿಲ್ಲ, ರಭಸವಾಗಿ ಹೊಗೆ ತಳ್ಳಬಾರದು. ಮುಚ್ಚಳದ ಒಳಮೈಯಲ್ಲಿ ಗಟ್ಟಿ ಡಾಂಬರು ಅಂಟಿದ್ದರೆ ಅದೇ ಸಾಕ್ಷಿ.

ಎಂಜಿನ್ ಬಿಸಿಯಾದ ಮೇಲೆ ಸ್ಕ್ಯಾನರ್ ಹಾಕಿಸಿ, ಐಡ್ಲಿಂಗ್‌ನಲ್ಲಿ ನಾಲ್ಕೂ ಇಂಜೆಕ್ಟರಿನ ಫೀಡ್‌ಬ್ಯಾಕ್ ಮೌಲ್ಯ (ಅದಕ್ಕೆ ಗಾಡಿಯ ಕಂಪ್ಯೂಟರ್ ಡೀಸೆಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ನೋಡಿಸಿ. ಪ್ಲಸ್ 3ರಿಂದ ಮೈನಸ್ 3ರ ಒಳಗಿರಬೇಕು. ಒಂದೇ ಒಂದು ಇಂಜೆಕ್ಟರ್ ದೂರ ಹೋಗಿದ್ದರೂ ಅದರ ಖರ್ಚನ್ನು ರೇಟಿನಲ್ಲಿ ಕಳೆಯಿರಿ. ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡುತ್ತಿದ್ದರೆ, ಸಿಗ್ನಲ್ಲಿನಲ್ಲಿ ಬಂದು ಆಫ್ ಆಗುತ್ತಿದ್ದರೆ, ಮೊದಲು ಡೀಸೆಲ್ ಫಿಲ್ಟರ್, ಆಮೇಲೆ ಹೈ ಪ್ರೆಶರ್ ಪಂಪಿನ ಮೇಲೆ ಕೂತು ಅದಕ್ಕೆ ಹೋಗುವ ಡೀಸೆಲನ್ನು ಅಳೆದು ಬಿಡುವ ಸಕ್ಷನ್ ಕಂಟ್ರೋಲ್ ವಾಲ್ವ್ ನೋಡಿಸಬೇಕು. ಅನುಭವವಿಲ್ಲದವರು ನೇರವಾಗಿ ಪಂಪೇ ಬದಲಾಯಿಸಲು ಹೇಳುತ್ತಾರೆ, ಒಪ್ಪಬೇಡಿ.

ಇನ್ನೊಂದು, ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್ ಮತ್ತು ಪಿಸ್ಟನ್ನುಗಳ ಲಯ ಹೊಂದಿಸುವ ಪಟ್ಟಿ. 2.5 ಡೀಸೆಲಿನಲ್ಲಿ ಇರುವುದು ಬೆಲ್ಟು, ಚೈನ್ ಅಲ್ಲ. ಅದು ಕಡಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. 1,68,000 ಓಡಿದ ಗಾಡಿಯಲ್ಲಿ ಅದು ಒಂದು ಸಲ ಬದಲಾಗಿರಲೇಬೇಕು. ಬಾಯಿಮಾತು ಬೇಡ, ಬಿಲ್ ಕೇಳಿ. ಮೀಟರಿನಲ್ಲಿರುವ ಟಿ-ಬೆಲ್ಟ್ ದೀಪ ಆರಿದೆ ಎಂಬುದು ಪುರಾವೆಯಲ್ಲ, ಬೆಲ್ಟು ಬದಲಾಯಿಸದೆಯೂ ಅದನ್ನು ರೀಸೆಟ್ ಮಾಡಬಹುದು. ಬಿಲ್ ಇಲ್ಲವೆಂದರೆ ಬದಲಾಗಿಲ್ಲ ಎಂದೇ ಲೆಕ್ಕ: ಬೆಲ್ಟು, ಟೆನ್ಷನರ್, ಐಡ್ಲರ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಬೇರಿಂಗ್ ಬಿಟ್ಟು ಬರೀ ಬೆಲ್ಟು ಹಾಕಿಸಿದರೆ, ನಾಳೆ ಬೇರಿಂಗ್ ಹಿಡಿದುಕೊಂಡು ಹೊಸ ಬೆಲ್ಟೇ ಹೋಗುತ್ತದೆ.

ಕ್ರಿಸ್ಟಾದ 2.4ರಲ್ಲಿ (2ಜಿಡಿ-ಎಫ್‌ಟಿವಿ, 2393 ಸಿಸಿ, 150 ಪಿಎಸ್) ಚೈನ್ ಇದೆ. ಈ ಒಂದು ಚಿಂತೆ ಅಲ್ಲಿಲ್ಲ.

---

ರ‍್ಯಾಂಪ್_ಮೇಲೆ_ಹತ್ತಿಸಿ

ಸ್ಪ್ಯಾನರ್ ಅಣ್ಣ ಎಂಜಿನ್ ವಿಷಯ ಪೂರ್ತಿ ಹೇಳಿದ್ದಾರೆ. ನಾನು ಗಾಡಿಯ ಕೆಳಭಾಗ ಹೇಳುತ್ತೇನೆ.

ಹಳೇ ಇನ್ನೋವಾ, ಕ್ರಿಸ್ಟಾ ಎರಡಕ್ಕೂ ಏಣಿ ಚಾಸಿ, ಅಂದರೆ ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ. ಸಸ್ಪೆನ್ಷನ್ ಮುಂದೆ ಡಬಲ್ ವಿಶ್‌ಬೋನ್, ಹಿಂದೆ ಫೋರ್ ಲಿಂಕ್ ಮತ್ತು ಕಾಯಿಲ್ ಸ್ಪ್ರಿಂಗ್. ನಮ್ಮ ರಸ್ತೆಗುಂಡಿಗೆ ಮೊದಲು ಸೋಲುವುದು ಲೋಯರ್ ಆರ್ಮ್ ಬುಷ್ ಮತ್ತು ಸ್ಟೆಬಿಲೈಸರ್ ಲಿಂಕ್. ಸಣ್ಣ ಹಂಪಿನ ಮೇಲೆ ಒಂದೇ ಕಡೆಯ ಚಕ್ರ ಹತ್ತಿಸಿ ನಿಧಾನ ಇಳಿಸಿ. "ಟಕ್" ಅಂದರೆ ಲಿಂಕು, "ದಡ್" ಅಂದರೆ ಬುಷ್. ಮುಂದಿನ ಟೈರಿನ ಒಳಅಂಚು ಮಾತ್ರ ಸವೆದಿದ್ದರೆ, ಬುಷ್ ಹೋಗಿ ಅಲೈನ್‌ಮೆಂಟ್ ಹಾಳಾಗಿ ಬಹಳ ದಿನವಾಗಿದೆ. ಬುಷ್ ಬದಲಿಸದೆ ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ.

80ರಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕ್ ಸೊಟ್ಟಗಾಗಿದೆ. ಇವು ಭಾರದ ಗಾಡಿಗಳು. ಏಳು ಜನ ಕೂತು, ಲಗೇಜು ಹೇರಿ, ಟಾಪ್ ಗೇರಿನಲ್ಲಿ ಬ್ರೇಕ್ ಮೇಲೆಯೇ ಘಾಟಿ ಇಳಿಸಿದವರ ಗಾಡಿಯಲ್ಲಿ ಇದು ಖಂಡಿತ. ನೀವು ಶಿರಾಡಿ ಇಳಿಯುವವರು, ತಗೊಂಡ ಮೊದಲ ವಾರವೇ ಬ್ರೇಕ್ ಫ್ಲುಯಿಡ್ ಪೂರ್ತಿ ಬದಲಾಯಿಸಿ. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ, ತೇವ ಸೇರಿದರೆ ಬಿಸಿಗೆ ಬೇಗ ಕುದಿಯುತ್ತದೆ, ಆಗ ಪೆಡಲು ಮೆತ್ತಗಾಗಿ ಕೆಳಗೆ ಹೋಗುತ್ತದೆ.

ಚಾಸಿಯ ಮುಂತುದಿ, ರೇಡಿಯೇಟರ್ ಸಪೋರ್ಟು, ಅಪ್ರಾನ್‌ಗಳ ಮೇಲೆ ಟಾರ್ಚ್ ಹಾಕಿ. ಕಂಪನಿಯ ಸ್ಪಾಟ್ ವೆಲ್ಡಿಂಗ್ ಗುಂಡಗೆ, ಒಂದೇ ಅಂತರದಲ್ಲಿರುತ್ತದೆ. ಟಿಂಕರಿಂಗ್ ಮಾಡಿದ ಕಡೆ ಸೀಲೆಂಟ್ ಕೈಯಲ್ಲಿ ಬಳಿದ ಹಾಗೆ ಕಾಣುತ್ತದೆ. ಮೂರನೇ ಸಾಲಿನ ಎಸಿಯನ್ನೂ ಹತ್ತು ನಿಮಿಷ ಓಡಿಸಿ ನೋಡಿ. ವಯಸ್ಸಾದವರು ಹಿಂದೆ ಕೂರುತ್ತಾರೆ ಎಂದರೆ ಆ ಕಾಯಿಲ್ ಸೋರುತ್ತಿದೆಯೇ ಎಂಬುದು ಸಣ್ಣ ವಿಷಯವಲ್ಲ.

ಟೈರ್: ಹಳೇದಕ್ಕೆ 205/65 ಆರ್15. ಕ್ರಿಸ್ಟಾ ಜಿಎಕ್ಸ್, ವಿಎಕ್ಸ್‌ಗೆ 205/65 ಆರ್16, ಝಡ್‌ಎಕ್ಸ್‌ಗೆ 215/55 ಆರ್17. ನಮ್ಮ ರಸ್ತೆಗೆ 17ಕ್ಕಿಂತ 16 ಇಂಚೇ ಒಳ್ಳೆಯದು, ಟೈರಿನ ಗೋಡೆ ಎತ್ತರವಿದ್ದಷ್ಟೂ ರಿಮ್ಮಿಗೆ ಪೆಟ್ಟು ಕಡಿಮೆ.

---

ಬಿಡದಿ_ಬೈಪಾಸ್

"ಟೊಯೊಟಾ ಅಂದ್ರೆ ಕಣ್ಣು ಮುಚ್ಚಿ" ಎಂಬ ಮಾತು ಎಲ್ಲಿಂದ ಬಂತು ಎನ್ನುವುದೂ ಗಾಡಿ ಆರಿಸುವಾಗ ಉಪಯೋಗಕ್ಕೆ ಬರುತ್ತದೆ.

ಈ ಕಂಪನಿ ಹುಟ್ಟಿದ್ದು ಮಗ್ಗದಿಂದ. ಸಕಿಚಿ ಟೊಯೊಡಾ ಅವರ 1924ರ ಟೈಪ್ ಜಿ ಮಗ್ಗದ ವಿಶೇಷವೇ ನೂಲು ಕಡಿದರೆ ತಾನಾಗಿ ನಿಲ್ಲುವುದು. ಕೆಟ್ಟ ಬಟ್ಟೆ ಒಂದು ಗೇಣೂ ಮುಂದೆ ಹೋಗುತ್ತಿರಲಿಲ್ಲ. 1929ರಲ್ಲಿ ಅದರ ಹಕ್ಕನ್ನು ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್‌ಗೆ ಮಾರಿದರು. ಮಗ ಕಿಚಿರೊ 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಕಾರಿನ ವಿಭಾಗ ತೆರೆದರು, 1936ರಲ್ಲಿ ಎಎ ಎಂಬ ಮೊದಲ ಕಾರು ಬಂತು, 1937ರಲ್ಲಿ ಕಾರಿನದ್ದೇ ಪ್ರತ್ಯೇಕ ಕಂಪನಿಯಾಯಿತು. ನೂಲು ಕಡಿದರೆ ಮಗ್ಗ ನಿಲ್ಲಬೇಕು ಎಂಬ ಸೂತ್ರವೇ ಮುಂದೆ ಕಾರಿನ ಅಸೆಂಬ್ಲಿ ಲೈನಿಗೆ ಬಂತು: ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದರೆ ಲೈನು ನಿಲ್ಲುತ್ತದೆ. ಅಂಥ ಕಂಪನಿ ನಮ್ಮಲ್ಲಿ ಕಾರ್ಖಾನೆ ಹಾಕಿದ್ದು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹತ್ತಿರದ ಬಿಡದಿಯಲ್ಲಿ ಎಂಬುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ.

1997ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಆಯಿತು, 2000ದ ಜನವರಿಯಲ್ಲಿ ಕ್ವಾಲಿಸ್ ಬಂತು. ಕ್ವಾಲಿಸ್ ಎಂದರೆ ಇಂಡೋನೇಷ್ಯಾದಲ್ಲಿ 1977ರಿಂದ ಓಡುತ್ತಿದ್ದ ಕಿಜಾಂಗ್ ವಂಶದ ಗಾಡಿ. ನೋಡಲು ಡಬ್ಬಿ, ಒಳಗೆ ಹಳೇ ಕಾಲದ ಸರಳ ಡೀಸೆಲ್. ಆ ಸರಳತೆಯೇ ಟ್ಯಾಕ್ಸಿಯವರ ಮನಸ್ಸು ಗೆದ್ದಿತು. 2005ರಲ್ಲಿ, ಚೆನ್ನಾಗಿ ಮಾರಾಟವಾಗುತ್ತಿರುವಾಗಲೇ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಇನ್ನೋವಾ, ಹೈಲಕ್ಸ್, ಫಾರ್ಚುನರ್ ಮೂರೂ ಐಎಂವಿ ಎಂಬ ಒಂದೇ ಬುನಾದಿಯವು. ಎಷ್ಟೋ ದೇಶಗಳಲ್ಲಿ ಅದೇ 2ಕೆಡಿ ಎಂಜಿನ್ ಓಡುತ್ತಿರುವುದರಿಂದ ಅದರ ಗುಣ, ರೋಗ ಎರಡೂ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಹುಡುಕಿ ಅಲೆಯಬೇಕಾಗಿಲ್ಲ.

ಆದರೆ ಲೋಗೋ ಒಂದೇ ಎಂದು ಎಲ್ಲ ಗಾಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 2019ರ ಗ್ಲಾಂಝಾ ಮಾರುತಿ ಬಲೆನೋವೇ. ಕ್ರಿಸ್ಟಾ ನಂತರ ಬಂದ ಇನ್ನೋವಾ ಹೈಕ್ರಾಸ್‌ನಲ್ಲಿ ಏಣಿ ಚಾಸಿಯೂ ಇಲ್ಲ, ಡೀಸೆಲೂ ಇಲ್ಲ, ಎಳೆಯುವುದು ಮುಂದಿನ ಚಕ್ರ. ಒಳ್ಳೆಯ ಗಾಡಿಯೇ, ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿಯೂ ಇದೆ. ಆದರೆ ಅದು ಬೇರೆ ಜಾತಿ.

ಇಟ್ಟುಕೊಂಡವರು ಕ್ರಿಸ್ಟಾ ಬಗ್ಗೆ ಹೇಳುವ ದೂರು ಮೂರು: ಸಿಲ್ಕ್ ಬೋರ್ಡ್ ಥರದ ಟ್ರಾಫಿಕ್ಕಿನಲ್ಲಿ ಎಡಗಾಲು ನೋಯಿಸುವ ಗಟ್ಟಿ ಕ್ಲಚ್ಚು, 1500 ಆರ್‌ಪಿಎಂ ಕೆಳಗೆ ಮಂಕು, ಖಾಲಿ ಗಾಡಿ ಹಿಂದೆ ಎಗರುವುದು. ಐದಾರು ಜನ ಕೂತರೆ ಎಗರುವುದು ನಿಲ್ಲುತ್ತದೆ. ಹೆದ್ದಾರಿಯಲ್ಲಿ 100ರ ವೇಗದಲ್ಲಿ ದಿನವಿಡೀ ಓಡಿಸಿದರೂ ಆಯಾಸವಿಲ್ಲ ಎಂಬುದೂ ಅವರೇ ಹೇಳುವ ಮಾತು, ಅದು ನಿಜ.

---

ಆರ್ಚ್_ಪಕ್ಕದ_ಮನೆ

ತುಂಬಾ ಧನ್ಯವಾದ. ಇನ್ನೊಂದು ಪ್ರಶ್ನೆ. ಬ್ರೋಕರ್ ಒಬ್ಬರು ಕಡಿಮೆ ರೇಟಿಗೆ ಮತ್ತೆರಡು ತೋರಿಸುತ್ತಿದ್ದಾರೆ: ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬಂದ 2015ರ ಇನ್ನೋವಾ, ಮತ್ತೆ ದೆಹಲಿ ರಿಜಿಸ್ಟ್ರೇಷನ್ನಿನ ಕ್ರಿಸ್ಟಾ. ನೋಡಬಹುದಾ?

---

ಫಾರಂ_29_30

ದೆಹಲಿ ಗಾಡಿ ಅಗ್ಗ ಇರುವುದಕ್ಕೆ ಕಾರಣ ಅಲ್ಲಿ ಡೀಸೆಲ್‌ಗೆ ಹಾಕಿದ್ದ 10 ವರ್ಷದ ನಿರ್ಬಂಧ. ನಮ್ಮಲ್ಲಿ 15 ವರ್ಷ, ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕ ಜೀವಿತಾವಧಿ ತೆರಿಗೆ ಕಟ್ಟಿ ಕೆಎ ನಂಬರ್ ಮಾಡಿಸಬೇಕು. ಆ ತೆರಿಗೆ ಎಷ್ಟಾಗುತ್ತದೆ ಎಂದು ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿದ ಮೇಲೆಯೇ ರೇಟು ಮಾತಾಡಿ. ಉಳಿತಾಯ ಎಂದುಕೊಂಡದ್ದರಲ್ಲಿ ಬಹುಪಾಲು ಅಲ್ಲೇ ಕರಗುತ್ತದೆ.

ಹಳದಿ ಬೋರ್ಡಿನದ್ದಾದರೆ ಪರ್ಮಿಟ್ ಸರೆಂಡರ್ ಮಾಡಿದ ಪತ್ರ, ಖಾಸಗಿಗೆ ಬದಲಾಯಿಸಿದಾಗ ಕಟ್ಟಿದ ತೆರಿಗೆ ರಸೀದಿ ಎರಡೂ ಬೇಕು. ಆರ್‌ಸಿಯಲ್ಲಿ ವರ್ಗ ಬದಲಾಗಿದೆಯೇ ಎಂದು ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿ. ನಂಬರ್ ಪ್ಲೇಟ್ ಬಿಳಿ ಇದ್ದ ಮಾತ್ರಕ್ಕೆ ಸಾಲದು. ಸಾಲದ ನಮೂದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಬಂದಿರಬೇಕು. ಅದಿಲ್ಲದೆ ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಪ್ರಯೋಜನವಿಲ್ಲ.

ಏರ್‌ಪೋರ್ಟ್ ಟ್ಯಾಕ್ಸಿ ಓಡಿದ ಗಾಡಿಗೆ ವರ್ಷಕ್ಕೆ 60-70 ಸಾವಿರ ಕಿ.ಮೀ. ದೊಡ್ಡದಲ್ಲ. 2015ರದ್ದು ಮೀಟರಿನಲ್ಲಿ 1.4 ಲಕ್ಷ ತೋರಿಸಿದರೆ ನಂಬಬೇಡಿ. ಚಾಸಿ ನಂಬರ್ ಕೊಟ್ಟು ಅಧಿಕೃತ ಸರ್ವೀಸ್ ಸೆಂಟರಿನಲ್ಲಿ ಹಿಸ್ಟರಿ ತೆಗೆಸಿ. ಅಲ್ಲಿಯವರೆಗೆ ಪೆಡಲು ನೋಡಿ: ಕ್ಲಚ್ ಪೆಡಲಿನ ರಬ್ಬರಿನ ಗೆರೆ ಅಳಿಸಿ ಎಡ ಅಂಚು ನುಣ್ಣಗಾಗಿದ್ದರೆ, ಅಥವಾ ಹಳೇ ಗಾಡಿಯಲ್ಲಿ ಪೆಡಲ್ ರಬ್ಬರ್ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ, ಎರಡಕ್ಕೂ ಅರ್ಥ ಒಂದೇ: ಗಾಡಿ ಮೀಟರ್ ಹೇಳುವುದಕ್ಕಿಂತ ಬಹಳ ಓಡಿದೆ.

---

ಸ್ಪ್ಯಾನರ್_14

ಐದು ಲಕ್ಷದ ಪ್ರಶ್ನೆಗೆ ಬರುತ್ತೇನೆ. ಮೈಲೇಜಿನಿಂದ ಆ ದುಡ್ಡು ವಾಪಸ್ ಬರುವುದಿಲ್ಲ. ವರ್ಷಕ್ಕೆ 14,400 ಕಿ.ಮೀ. ಹಳೇದು ಲೀಟರಿಗೆ 10, ಕ್ರಿಸ್ಟಾ 11.5 ಕೊಟ್ಟಿತು ಎಂದುಕೊಳ್ಳಿ. ವ್ಯತ್ಯಾಸ ಸುಮಾರು 190 ಲೀಟರ್, 90 ರೂಪಾಯಿಯಂತೆ ವರ್ಷಕ್ಕೆ 17 ಸಾವಿರ ಅಷ್ಟೇ. ನಿಮಗೆ ಸಿಗುವುದು ನಾಲ್ಕು ವರ್ಷ ಹೆಚ್ಚಿನ ಆಯುಷ್ಯ, ಘಾಟಿ ಹತ್ತುವಾಗ 343 ಎನ್‌ಎಂ ಎಳೆತ, ಮತ್ತು ಎಲ್ಲ ಮಾದರಿಯಲ್ಲೂ ಕನಿಷ್ಠ ಮೂರು ಏರ್‌ಬ್ಯಾಗು, ಎಬಿಎಸ್. ಹಳೇ ಇನ್ನೋವಾದಲ್ಲಿ ಏರ್‌ಬ್ಯಾಗ್ ಇದೆಯೋ ಇಲ್ಲವೋ ಎಂಬುದು ವೇರಿಯಂಟ್ ಮೇಲೆ ಹೋಗುತ್ತದೆ, ಸ್ಟೀರಿಂಗ್ ಮೇಲಿನ ಗುರುತು ನೋಡಿ ಖಾತ್ರಿ ಮಾಡಿಕೊಳ್ಳಿ. ಅದು ಇಲ್ಲದ ಗಾಡಿಯಲ್ಲಿ ಆರು ಜನರನ್ನು ಕೂರಿಸಿ ಶಿರಾಡಿ ಇಳಿಸಿ ಎಂದು ನಾನಂತೂ ಹೇಳುವುದಿಲ್ಲ. ದುಡ್ಡು ಹೊಂದಿಸಲು ಆಗುವುದಾದರೆ ಕ್ರಿಸ್ಟಾ.

2020ರ ನಂತರದ ಬಿಎಸ್6 (ಹೊಸ ಮಾಲಿನ್ಯ ನಿಯಮದ) ಕ್ರಿಸ್ಟಾ ಸಿಕ್ಕಿದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುತ್ತದೆ ಎಂಬುದು ನೆನಪಿರಲಿ. ಬರೀ ಊರೊಳಗೆ ಐದಾರು ಕಿ.ಮೀ. ಓಡಿಸಿದರೆ ಮಸಿ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ನೈಸ್ ರಸ್ತೆಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಒಂದೇ ವೇಗದಲ್ಲಿ ಓಡಿಸಿ, ಮಸಿ ಉರಿಯುತ್ತಿರುವಾಗ ಆಫ್ ಮಾಡಬೇಡಿ. ಅದಕ್ಕೆ ಕಡಿಮೆ ಬೂದಿಯ, ಡಿಪಿಎಫ್‌ಗೆಂದೇ ಇರುವ ಆಯಿಲ್ ಮಾತ್ರ ಹಾಕಿಸಿ.

2013ರದ್ದೇ ತಗೊಂಡರೆ ಕೆಲಸ ಈ ಕ್ರಮದಲ್ಲಿ ಮಾಡಿಸಿ. ಮೊದಲು ಇಂಜೆಕ್ಟರ್ ಬಿಚ್ಚಿಸಿ ನಾಲ್ಕೂ ವಾಷರ್ ಹೊಸದು, ಕೂರುವ ಜಾಗದ ಮಸಿ ಪೂರ್ತಿ ಕೆರೆದು ತೆಗೆದ ಮೇಲೆಯೇ. ಹಳೇ ವಾಷರ್ ತಿರುಗಿಸಿ ಹಾಕುವುದು ಬೇಡವೇ ಬೇಡ. ಆಮೇಲೆ ಸಂಪ್ ಇಳಿಸಿ ಜಾಲರಿ ತೊಳೆಸಿ, ಹೊಸ ಆಯಿಲ್, ಫಿಲ್ಟರ್. ಕ್ರಮ ತಿರುಗುಮುರುಗಾದರೆ, ತೊಳೆದ ಜಾಲರಿಗೆ ಸೋರುವ ವಾಷರಿನಿಂದ ಮತ್ತೆ ಮಸಿ ಇಳಿಯುತ್ತದೆ. ಸಾವಿರ ಕಿ.ಮೀ. ಓಡಿಸಿ ಆಯಿಲ್ ಮತ್ತೊಮ್ಮೆ ಬದಲಾಯಿಸಿ, ಒಳಗೆ ಉಳಿದ ಡಾಂಬರು ಕರಗಿ ಬಂದಿರುತ್ತದೆ. ಅಲ್ಲಿಂದಾಚೆ ಪುಸ್ತಕದಲ್ಲಿ 10,000 ಎಂದಿದ್ದರೂ ಈ ವಯಸ್ಸಿನ ಗಾಡಿಗೆ 7,500ಕ್ಕೇ ಆಯಿಲ್ ಬದಲಾಯಿಸುತ್ತಾ ಹೋಗಿ.

---

ಆರ್ಚ್_ಪಕ್ಕದ_ಮನೆ

ಭಾನುವಾರ ಬೆಳಗ್ಗೆ ಏಳಕ್ಕೆ ಕ್ರಿಸ್ಟಾ ನೋಡಲು ಹೋಗುತ್ತಿದ್ದೇನೆ. ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಟ್ಟಿದ್ದೇನೆ, ಚಾಸಿ ನಂಬರ್ ಕಳಿಸಿದ್ದಾರೆ. ಅದರ ಕ್ಲಚ್ಚು ಮುಗಿದಿದೆಯಾ ಎಂದು ಓಡಿಸಿ ನೋಡಿದರೆ ಗೊತ್ತಾಗುತ್ತಾ?

---

ರ‍್ಯಾಂಪ್_ಮೇಲೆ_ಹತ್ತಿಸಿ

ಗೊತ್ತಾಗುತ್ತದೆ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ಕ್ಕೆ ಇಳಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಸರ್ರನೆ ಏರಿ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಪೆಡಲನ್ನು ಪೂರ್ತಿ ಒತ್ತಿ ಹಿಡಿದಾಗ ಮಾತ್ರ ಕಿರ್ ಎಂದರೆ ರಿಲೀಸ್ ಬೇರಿಂಗ್. ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದು, ಹಾಗಾಗಿ ಯಾವುದೇ ಒಂದು ಹೋಗಿದ್ದರೂ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರರ ಖರ್ಚನ್ನೂ ಒಟ್ಟಿಗೆ ಹಿಡಿದು ರೇಟು ಕೇಳಿ. ಮೂರನೇ ಸಾಲಿನ ಎಸಿ ಮರೆಯಬೇಡಿ.